ಎಂಟು ಮನೆಗೊಂದು ಸರ್ವರ್

ಶ್ರೀರಾಮಪುರದ ನಮ್ಮ ವಠಾರದಲ್ಲಿ
ಎಂಟು ಮನೆ, ಒಂದು ನಲ್ಲಿ, ಒಂದು ಗ್ರೂಪು.
ಗ್ರೂಪಿಗೆ ಅಡ್ಮಿನ್ನು ಓನರ್ ಮುದ್ದುಕೃಷ್ಣಪ್ಪನವರೇ.
ಸೆಲ್ವಿ ಒಮ್ಮೆ, ಬಾಡಿಗೆ ಯಾಕೆ ಮತ್ತೆ ಜಾಸ್ತಿ, ಅಂತ ಬರೆದಳು.
ಕುಕ್ಕರು ಮೂರನೇ ಸಲ ಕೂಗುವುದರೊಳಗೆ
ಅವಳೂ ಇರಲಿಲ್ಲ, ಅವಳ ಮಾತೂ ಇರಲಿಲ್ಲ.
ಸೆಲ್ವಿಯನ್ನು ತೆಗೆಯಲಾಗಿದೆ:
ಬೂದು ಅಕ್ಷರ, ಫೇಲಾದವರ ಪಟ್ಟಿಯ ಹಾಗೆ.

ನನಗೆ ಎಸ್.ಪಿ. ರೋಡಿನಲ್ಲಿ ಕೆಲಸ.
ಹಳೇ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ
ಮೆಮೊರಿ ಕಿತ್ತು ಇನ್ನೊಂದಕ್ಕೆ ತುರುಕುವುದು.
ಅದಕ್ಕೇ ರಾತ್ರಿ ಹತ್ತಕ್ಕೆ ಬೋರಲಿಂಗಯ್ಯ ಬಾಗಿಲು ತಟ್ಟಿ
ಪಿಸುದನಿಯಲ್ಲಿ ಕೇಳಿದ್ದು:
"ನಮ್ದೇ ಒಂದು ಮಾಡ್ಕೊಂಡ್ರೆ ಹೆಂಗೆ? ಓನರ್ ಇಲ್ಲದ್ದು?"

ತಾರಸಿಯ ಟ್ಯಾಂಕಿನ ಕೆಳಗೆ
ಮೂರು ಸಾಫ್ಟ್‌ವೇರ್ ಹರವಿದೆ, ಸೀರೆ ಅಂಗಡಿಯವರ ಹಾಗೆ.
ಮೊದಲನೆಯದು ಘನವಾದದ್ದು. ಎಲ್ಲಕ್ಕೂ ಬೀಗ, ಬೀಗಕ್ಕೂ ಬೀಗ.
ಎಂಟು ಜಿಬಿ ಇಲ್ಲದೆ ಮಾತ್ರ ಮೇಲೇಳದು;
ಎಂಟು ಜನರ ಚಿತ್ರಾನ್ನಕ್ಕೆ ಕಲ್ಯಾಣ ಮಂಟಪ ಹಿಡಿದ ಹಾಗೆ.
ಎರಡನೆಯದು ತೆಳು, ಹಳೇ ಕಾಲದ್ದು, ಬರೀ ಅಕ್ಷರ.
ನೀನಿಲ್ಲದಾಗ ಆಡಿದ್ದು ನಿನಗೆ ಸಿಗುವುದಿಲ್ಲ.
"ಒಳ್ಳೇದೇ ಆಯ್ತು," ಅಂದರು ಫ್ಲಾರೆನ್ಸ್ ಟೀಚರ್,
ಸೆಲ್ವಿ ಕೂತ ಕಡೆ ನೋಡದೆ,
"ನಾನಿಲ್ಲದಾಗ ಆಡಿದ್ದು ಕಿವಿಗೆ ಬಿದ್ದೇ ಅಲ್ವಾ
ಕೆಲವರ ಹತ್ರ ಎರಡು ವರ್ಷದಿಂದ ಮಾತು ಬಿಟ್ಟಿರೋದು?"

ಗಂಗಹನುಮಕ್ಕ ಸೆರಗಿನ ಗಂಟಿನಿಂದ ಫೋನು ಬಿಚ್ಚಿದಳು.
"ನಂಗೆ ಅಕ್ಸರ ಬರಕ್ಕಿಲ್ಲ ಕಣವ್ವ.
ನಾನು ಮಾತಾಡ್ಬೇಕು, ಅದು ಹಂಗೇ ಹೋಗ್ಬೇಕು."
ಅಲ್ಲಿಗೆ ಎರಡನೆಯದು ಬಿತ್ತು.
ಮೂರನೆಯದು ದನಿ ಹೊರುತ್ತದೆ, ನಾಲ್ಕು ಜಿಬಿ ಸಾಕು,
ವಾರಕ್ಕೊಮ್ಮೆ ಕಾರಣವಿಲ್ಲದೆ ಮಲಗಿಬಿಡುತ್ತದೆ ಅಂದೆ.
"ನಮ್ಮನೆಯವರ ಥರ," ಅಂದಳು ಸೆಲ್ವಿ. ಒಪ್ಪಿಗೆಯಾಯಿತು.

ಡಬ್ಬ ಇಡುವುದೆಲ್ಲಿ? ಎಂಟೂ ಮನೆಯ ಕರೆಂಟು
ಓನರ್ ಮೀಟರಿನಿಂದಲೇ ಕವಲೊಡೆದು ಬರುವುದು.
ಸಿಟ್ಟು ಬಂದರೆ ಮೇನ್ ಸ್ವಿಚ್ಚಿಗೇ ಕೈ ಹಾಕುವ ಮನುಷ್ಯ.
ಯಾವ ಪಾಸ್‌ವರ್ಡು ಏನು ಮಾಡೀತು ಆ ಫ್ಯೂಸಿನ ಮುಂದೆ?
ಅಷ್ಟು ರಾತ್ರಿ ನಿದ್ದೆಗೆಟ್ಟು ಓದಿದ ಕೈಪಿಡಿಯಲ್ಲಿ
ಇದಕ್ಕೊಂದು ಅಧ್ಯಾಯ ಇರಲಿಲ್ಲ.

ಮೂಲೆಯ ಗಿರಣಿ ದಸ್ತಗೀರ್ ಸಾಬರು
ರಾಗಿ ಕಲ್ಲಿನ ಹಿಂದೆ ಒಂದು ಮೊಳ ಜಾಗ ಕೊಟ್ಟರು.
"ದಿನಕ್ಕೆಷ್ಟು ಕರೆಂಟು ತಿನ್ನುತ್ತೆ? ಒಂದು ಸೇರು ಬೀಸಿದಷ್ಟಾ?"
ಲೆಕ್ಕ ಹಾಕಿದೆ. ಸ್ವಲ್ಪ ಜಾಸ್ತಿಯೇ ಬಂತು.
"ಹೋಗ್ಲಿ ಬಿಡಮ್ಮ" ಅಂದರು.
ಈಗ ಭಾನುವಾರ ಭಾನುವಾರ ಫ್ಯಾನು ಬಿಚ್ಚಿ
ಪೇಂಟಿನ ಬ್ರಷ್ಷಿನಲ್ಲಿ ಹಿಟ್ಟು ಕೊಡವುತ್ತೇನೆ.
ಮೆಣಸಿನಪುಡಿ ಬೀಸಿದ ವಾರ
ಸರ್ವರು ಸೀನುವುದೊಂದು ಬಾಕಿ.

ಅಡ್ಮಿನ್ ಯಾರು ಅಂದಾಗ ಎಲ್ಲರೂ ಆಕಾಶ ನೋಡಿದರು.
ಯಾರಾದರೂ ಇರಲೇಬೇಕು, ಸಾಫ್ಟ್‌ವೇರ್ ಬಿಡುವುದಿಲ್ಲ.
ನನ್ನ ಹೆಸರೇ ಹೊಡೆದೆ.
ಹೊಡೆದದ್ದೇ ತಡ, ಎಲ್ಲ ಕಂಡಿತು:
ಯಾರು ಎಷ್ಟು ಹೊತ್ತಿಗೆ ಎದ್ದರು, ಯಾರು ಓದಿಯೂ ಸುಮ್ಮನಿದ್ದರು,
ಪ್ರತಿ ಹೆಸರಿನ ಪಕ್ಕ ಒಂದು ಸಣ್ಣ ಕೆಂಪು ಗುಂಡಿ.
ಹೆಬ್ಬೆರಳು ಅದರ ಮೇಲೆ ಎಷ್ಟು ಹಗುರ ಕೂರುತ್ತದೆ!
ಮುದ್ದುಕೃಷ್ಣಪ್ಪನವರನ್ನು
ಅವತ್ತು ನಾನು ಬೈಯಲಿಲ್ಲ.

ಪಾಸ್‌ವರ್ಡ್ ಬದಲಿಸುವಾಗ ಮುಖ ತಿರುಗಿಸಿ ನಿಂತೆ.
ಅರ್ಧ ಫ್ಲಾರೆನ್ಸ್ ಟೀಚರ್ ಹೊಡೆದರು, ಅರ್ಧ ಸೆಲ್ವಿ.
ಇನ್ನು ಯಾರನ್ನಾದರೂ ತೆಗೆಯಬೇಕಾದರೆ
ಮೊದಲು ಅವರಿಬ್ಬರೂ ಮಾತಾಡಬೇಕು.

ಮೊದಲ ಸಂದೇಶ ಬಂದದ್ದು
ಬೆಳಗಿನ ಜಾವ ಮೂರು ನಲವತ್ತಕ್ಕೆ. ಹನ್ನೊಂದು ಸೆಕೆಂಡು.
ಗಂಗಹನುಮಕ್ಕನ ಏದುಸಿರು, ಕೊಡ ಕಲ್ಲಿಗೆ ತಾಗಿದ ಸದ್ದು,
ಆಮೇಲೆ, "ನೀರ್ ಬಂತು, ಏಳ್ರವ್ವ."
ಅದೇ ಮಾತು ಗೋಡೆಯಾಚೆಯಿಂದ
ಆಗಲೇ ಕೇಳಿಸಿತ್ತು.
ಆದರೂ ಇನ್ನೊಮ್ಮೆ ಒತ್ತಿ ಕೇಳಿದೆ,
ಕೊಡ ಹುಡುಕುತ್ತ.