ಹಾಲಮ್ಮನ ಹೆಬ್ಬೆರಳು

ಮೊದಲು ರಜೆ ಚೀಟಿ.
ಡಿಪೋದ ಮೇಜಿನ ಮೇಲೆ ಅರ್ಜಿ ಇಟ್ಟೆ:
ಒಂಬತ್ತು ದಿನ, ಸ್ವಂತ ಖರ್ಚು, ಕಾರಣ ತಿರುಗಾಟ.
ಸಾಹೇಬರು ಕನ್ನಡಕ ಏರಿಸಿದರು.
ಕಾರಣ ಅಂದ್ರೆ ಕಾರಣ ಬರೀಬೇಕಮ್ಮಾ,
ಮದುವೆ, ಬಾಣಂತನ, ಸಾವು, ಹಿಂಗೆ.
ತಿರುಗಾಟ ಅಂತಲೇ ಇರಲಿ ಸರ್ ಅಂದೆ.
ಇಪ್ಪತ್ತೆರಡು ವರ್ಷ ದಾವಣಗೆರೆ, ಚಿತ್ರದುರ್ಗ, ದಾವಣಗೆರೆ,
ಆನಗೋಡು, ಭರಮಸಾಗರ ಎಂದು ಕೂಗಿದ ಗಂಟಲು ಇದು.
ತಿರುಗಿದ್ದು ಬಸ್ಸು, ನಾನಲ್ಲ.

ಹೆಂಗಸರಿಗೆ ಸೊನ್ನೆ ಟಿಕೆಟ್ ಹರಿದು ಹರಿದು ಕೊಟ್ಟವಳು
ನನ್ನದಕ್ಕೆ ಮೂವತ್ತೊಂದು ಸಾವಿರ ಎಣಿಸಿದೆ.
ಚಿಲ್ಲರೆ ವಾಪಸ್ ಬರಲಿಲ್ಲ.

ಜೊತೆಗೆ ನೆಗೆಣ್ಣಿ ಹಾಲಮ್ಮ.
ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತು ವರ್ಷ
ಕಾದ ಉಸುಕಿನ ಮುಂದೆ ಕೂತವಳು.
ಆಧಾರಿನಲ್ಲಿ ಹಾಲವ್ವ, ಪ್ಯಾನ್ ಕಾರ್ಡಿನಲ್ಲಿ ಹಾಲಮ್ಮ,
ರೇಷನ್ ಚೀಟಿಯಲ್ಲಿ ಬರೀ ಆಲಮ್ಮ.
ಮೂವರೂ ಒಬ್ಬಳೇ ಎಂದು ನೋಟರಿಯ ಮುಂದೆ
ಪ್ರಮಾಣ ಮಾಡಲು ನಾಲ್ಕುನೂರು.
ಉಪನಾಮದ ಖಾನೆ ಖಾಲಿ ಉಳಿದಿತ್ತು.
ಅಪ್ಪನ ಹೆಸರಾ, ಗಂಡನ ಹೆಸರಾ?
ಊರಿನ ಹೆಸರು ಹಾಕಿಬಿಡವ್ವಾ ಅಂದಳು,
ಅದೊಂದು ಎಲ್ಲಾ ಕಾರ್ಡಿನಾಗೂ ಸರಿ ಐತಿ.

ಪಾಸ್‌ಪೋರ್ಟ್ ಕಚೇರಿಯ ಪುಟ್ಟ ಗಾಜು.
ಹೆಬ್ಬೆರಳು ಇಟ್ಟಳು. ಕೆಂಪು ದೀಪ.
ಸೆರಗಿಗೆ ಒರೆಸಿ ಇಟ್ಟಳು. ಕೆಂಪು.
ಹುಡುಗ ಒದ್ದೆ ಬಟ್ಟೆ ಕೊಟ್ಟ. ಕೆಂಪು.
ಗೆರೆಗಳೇ ಇಲ್ಲ ಆಂಟಿ, ಎಲ್ಲಿ ಹೋದವು?
ಹಾಲಮ್ಮ ಬೆರಳು ತಿರುಗಿಸಿ ನೋಡಿಕೊಂಡಳು
ಕಳೆದ ಮೂಗುಬಟ್ಟು ಹುಡುಕುವವಳ ಹಾಗೆ.
ಮಂಡಕ್ಕಿ ತಿಂದೋರ ಹೊಟ್ಟೆಯಾಗ ಇರಬೇಕು ತಮ್ಮಾ.
ಅವನು ನಗಲಿಲ್ಲ. ಒಂದು ತಿಂಗಳು ಬಿಟ್ಟು ಬನ್ನಿ.

ಆ ತಿಂಗಳು ನಮ್ಮ ತಯಾರಿ ಇಷ್ಟೇ:
ರಾತ್ರಿ ಪಾತ್ರೆ ತೊಳೆದಾದ ಮೇಲೆ ಬೆರಳಿಗೆ ಬೆಣ್ಣೆ,
ಕೈಗೆ ನನ್ನ ಯೂನಿಫಾರ್ಮಿನ ಹಳೆ ಕಾಲುಚೀಲ.
ಭಟ್ಟಿಗೆ ಹೋಗಲಿಲ್ಲ. ಕೂಲಿ ಹೋಯಿತು.
ಗೆರೆ ಬಂದವು, ತೆಳ್ಳಗೆ,
ಅರ್ಧ ಒಣಗಿದ ಹಪ್ಪಳದ ಮೇಲಿನ ಗೆರೆಯಂತೆ.
ದೀಪ ಹಸಿರಾದಾಗ
ಬೆರಳು ತೆಗೆಯಲು ಮರೆತು ನಿಂತಿದ್ದಳು.

ಉಳಿದದ್ದು ಸುಲಭ.
ಕಾಗದಪತ್ರ ಎರಡೆರಡು ಜೆರಾಕ್ಸ್, ಒಂದು ಚೀಲಕ್ಕೆ, ಒಂದು ಸೊಂಟಕ್ಕೆ.
ಬಿಪಿ ಗುಳಿಗೆ, ಡಾಕ್ಟರ ಚೀಟಿಯ ಸಮೇತ.
ಗುರೆಳ್ಳು ಚಟ್ನಿಪುಡಿ ಸರಿ, ಉಪ್ಪಿನಕಾಯಿ ಬೇಡ,
ಎಣ್ಣೆ ಸೋರಿದರೆ ನಾಲ್ಕು ಸೀರೆ ಹೋದವು.
ಪೆಟ್ಟಿಗೆಯನ್ನು ಎಪಿಎಂಸಿಯಲ್ಲಿ ತೂಗಿಸಿದೆವು
ಮೆಕ್ಕೆಜೋಳದ ಚೀಲಗಳ ಸಾಲಿನಲ್ಲಿ ನಿಂತು.
ಹದಿನೆಂಟು ಕೇಜಿ ಇನ್ನೂರು.
ಯಾವ ಕಡೆ ಲೋಡು? ಕೇಳಿದ ಹಮಾಲಿ ತಿಪ್ಪೇಶಿ.
ವಿಯೆಟ್ನಾಂ ಅಂದೆ. ಬರೆದುಕೊಂಡುಬಿಟ್ಟ.

ಅಲ್ಲಿ ಒಂದು ಕಾಫಿಗೆ ಮೂವತ್ತು ಸಾವಿರವಂತೆ.
ನಾಲ್ಕು ರಾತ್ರಿ ಕೂತು ಸೊನ್ನೆ ಹೊಡೆದುಹಾಕುವ ಲೆಕ್ಕ ಕಲಿತೆ,
ಸೊನ್ನೆ ನನಗೆ ಹಳೇ ಪರಿಚಯ.

ನಲ್ಲಿ ನೀರು ಐದು ದಿನಕ್ಕೊಮ್ಮೆ,
ನಾವಿಲ್ಲದಾಗ ಎರಡು ಸಲ ಬಂದು ಹೋಗುತ್ತದೆ.
ಸಂಪಿನ ಕೀಲಿ ಎದುರುಮನೆ ಜಬೀನಾಗೆ ಕೊಟ್ಟೆ.
ರಾತ್ರಿ ಎರಡಕ್ಕೆ ಬಿಟ್ಟರೂ ಏಳಬೇಕು ಮತ್ತೆ, ಅಂದೆ.
ಏಳ್ತೀನಿ, ಅಲ್ಲೊಂದು ಸೋಪಿನ ಡಬ್ಬಿ ಸಿಕ್ಕರೆ ತಾ, ಅಂದಳು.
ಸೋಪಿನ ಡಬ್ಬಿ. ಬರೆದುಕೊಂಡೆ.

ಕೈಚೀಲದ ತಳದಲ್ಲಿ ಸೀಟಿ ಸಿಕ್ಕಿತು.
ತೆಗೆದಿಟ್ಟೆ. ಸ್ವಲ್ಪ ಹೊತ್ತಿಗೆ ಮತ್ತೆ ಹಾಕಿದೆ.
ಪಟ್ಟಿಯಲ್ಲಿ ಮಾತ್ರ ಬರೆಯಲಿಲ್ಲ.

ಗ್ಯಾಸಿನ ಕಿವಿ ತಿರುಗಿಸಿದ ಮೇಲೆ, ದೀಪ ಆರಿಸಿದ ಮೇಲೆ,
ಕತ್ತಲಲ್ಲಿ ಹಾಲಮ್ಮ ಕೇಳಿದಳು:
ಅಲ್ಲಿ ಸಮುದ್ರದ ದಂಡ್ಯಾಗ ಉಸುಕಿರ್ತೈತಲ್ಲ,
ಅದು ತಣ್ಣಗಿರ್ತೈತೇನು?
ಕೈ ಇಡಬೌದಾ?

ಮಧ್ಯಾಹ್ನ ಹೇಗೋ ಗೊತ್ತಿಲ್ಲ ಅಂದೆ,
ಬೆಳಗಿನ ಜಾವ ಹೋಗೋಣ.
ಎದ್ದು ದೀಪ ಹಾಕಿ
ಪಟ್ಟಿಯ ಕೆಳಗೆ ಬರೆದೆ:
ಟವೆಲ್, ಇನ್ನೊಂದು.