ನೂರಾ ನಲವತ್ತು ಹೌದು

ಗದಗಿನ ದವಾಖಾನಿ, ಎರಡನೇ ಮಾಳಿಗಿ,
ಖರೀದಿ ಸಮಿತಿ ಖೋಲಿ ಹೊರಗ ಒಂದು ಉದ್ದನ ಬಾಕು.
ಮಾರಾವ್ರು ನಾವು ನಾಕು ಮಂದಿ
ತೊಡಿ ಮ್ಯಾಲೆ ಲ್ಯಾಪ್‌ಟಾಪ್ ಇಟಗೊಂಡು
ಕೂಸಿಗೆ ಸೂಜಿ ಹಾಕ್ಸಾಕ ಬಂದವ್ರಂಗ ಕುಂತೀವಿ.

ನೂರಾ ನಲವತ್ತು ಪ್ರಶ್ನಿ ಮೊದಲ ಕಳಿಸಿದ್ರು.
ಅರ್ಧಕ್ಕರ್ಧ ನನ್ನ ಬಾಜೂದಾಂವನ ಪುಸ್ತಕದಿಂದ ಎತ್ತಿದ್ದು;
ಎಂಬತ್ಮೂರನೇ ಸಾಲಿನಾಗ
ಅವನ ಕಂಪನಿ ಹೆಸರು ಅಳಸೂದು ಮರತಾರ.
ಎಲ್ಲಾದಕ್ಕೂ ‘ಹೌದು’ ಅಂತ ಬರದೀನಿ. ಎಲ್ಲಾರೂ ಬರದಾರ.
‘ಇಲ್ಲ’ ಅಂದಾವ ಈ ಬಾಕಿನ ಮಟಾ ಬರೂದಿಲ್ಲ.

ಒಳಗ ಇಪ್ಪತ್ತು ನಿಮಿಷ.
ಡಾಕ್ಟರ್ ಹೊಂಬಳ ಮೊಬೈಲ್ ನೋಡಕೋತ ಕುಂತಿದ್ರು.
ಲೆಕ್ಕಪತ್ರದ ಮುಳಗುಂದ ಅವರು ಕೇಳಿದ್ರು,
ಪ್ರಿಂಟರ್ ಪುಕ್ಕಟ ಬರತೈತೇನು,
ಐದು ವರ್ಷದ ದುರಸ್ತಿ ಇದರಾಗ ಸೇರೈತೇನು.
ಎರಡು ಗುಳಿಗಿ ಒಂದಕ್ಕೊಂದು ಆಗಿಬರಲಿಲ್ಲಂದ್ರ
ಸ್ಕ್ರೀನಿನ ಮ್ಯಾಲೆ ಕೆಂಪಗ ಮಿನುಗೂದು ತೋರಿಸಿದೆ.
‘ಬಣ್ಣ ಛಲೋ ಐತಿ’ ಅಂದ್ರು.

ಆಗ ಇಂಡೆಂಟಿಗೆ ಸಹಿ ಬೇಕಂತ
ಬಾಗಲದಾಗ ಬಂದು ನಿಂತಾಕಿ ಸಿಸ್ಟರ್ ಫಕ್ಕೀರವ್ವ.
ಸಮಿತಿ ಪಟ್ಟಿಯಾಗ ಆಕಿ ಹೆಸರಿಲ್ಲ.
ಸ್ಕ್ರೀನ್ ನೋಡಿದ್ಲು, ನನ್ನ ನೋಡಿದ್ಲು.
‘ರಾತ್ರಿ ಎರಡಕ್ಕ ಡಾಕ್ಟರು ಫೋನಿನಾಗ ಔಷಧಿ ಹೇಳ್ತಾರ.
ನಾ ಬರಕೊಂಡು ಕೊಡ್ತೀನಿ. ಸಹಿ ಮುಂಜಾನೆ.
ನಿಮ್ಮ ಮಷೀನಿನಾಗ ಆ ಐದು ತಾಸು
ಯಾರ ಹೆಸರಿನ ಮ್ಯಾಲೆ ಇರತೈತ್ರಿ?’

ಹೊಂಬಳ ಅವರು ಮೊಬೈಲ್ ಬೋರಲ ಇಟ್ರು.
ಹೌದು ಅನ್ನೂದು ನನ್ನ ನಾಲಿಗಿಗೆ ರೂಢಿ,
ಆ ಪ್ರಶ್ನಿಗೆ ಹೌದು ಹೊಂದಲಿಲ್ಲ.
‘ಅದು ಆಮ್ಯಾಲೆ ನೋಡೂಣು’ ಅಂದ್ರು ಮುಳಗುಂದ.
ಸಹಿ ಆತು. ಆಕಿ ಕಾಗದ ಮಡಚಿಕೊಂಡು ಹೋದ್ಲು.

ಹುಬ್ಬಳ್ಳಿ ಬಸ್ಸು ಅಣ್ಣಿಗೇರಿ ದಾಟೂದ್ರಾಗ ಫೋನ್ ಬಂತು:
ನಮ್ಮದ ಎಲ್ಲಾರಕಿಂತ ಕಡಿಮಿ ದರ.
ಹನ್ನೊಂದು ಸಾವಿರದಾಗ ಗೆದ್ದೀವಿ.
ಮಾಲಕರು ನಕ್ಕಿದ್ದು ಬಾಜೂ ಸೀಟಿನಾಕಿಗೂ ಕೇಳಿಸ್ತು.

ಹೋದ ತಿಂಗಳ, ದರ ಇಳಸಾಕಂತ,
ಒಂದು ಭಾಗ ನಾನ ತಗದಿದ್ದೆ, ಅರವತ್ತು ಸಾವಿರದ್ದು:
ಫೋನಿನಾಗ ಯಾರು ಹೇಳಿದ್ರು, ಯಾರು ಬರಕೊಂಡ್ರು,
ಎಷ್ಟು ಹೊತ್ತಿಗೆ.
ಯಾರೂ ಕೇಳಂಗಿಲ್ಲ ಬಿಡು, ಅಂದಿದ್ದೆ.

ಗೋಕುಲ ರೋಡಿನ ಮನಿಯಾಗ
ರಾತ್ರಿ ಎರಡಕ್ಕ ಎಚ್ಚರಾತು.
ಫೋನ್ ನೋಡಿದೆ.
ಯಾರೂ ಮಾಡಿರಲಿಲ್ಲ.