ಉಗುರಿಗೆ ಸಿಗುವ ಏಣು

ಕೆಮಿ ಪಟ್ಟಣದ ಕಾಗದದ ಗಿರಣಿಯಲ್ಲಿ
ಮೂವತ್ತೊಂದು ವರ್ಷ ಕರೆಂಟಿನ ಕೆಲಸ ಮಾಡಿದ ತೈಸ್ತೊ
ಪಿಂಚಣಿ ದುಡ್ಡಲ್ಲಿ ಬೆರಳು ದಪ್ಪದ ತಂತಿ ಕೊಂಡ,
ಸ್ಪೀಕರಿಗೆ. ಮೀಟರಿಗೆಷ್ಟೆಂದು ಹೆಂಡತಿಗೆ ಹೇಳಲಿಲ್ಲ.

ನನ್ನಪ್ಪನ ರೇಡಿಯೊ ಅಂಗಡಿ ಅವರ ಮನೆಯ ಕೆಳಗೆ.
"ತಾಮ್ರ ತಾಮ್ರವೇ. ನಾಲ್ಕು ಮೀಟರಿಗೆ
ಟೇಬಲ್ ಲ್ಯಾಂಪಿನ ವೈರೇ ಧಾರಾಳ."
ಅಪ್ಪ ಅಂದದ್ದು ಅವನಿಗೆ ನಾಟಲಿಲ್ಲ.
ಹಳೆಯದು ಸುರುಳಿ ಸುತ್ತಿ ಡಬ್ಬಿ ಸೇರಿತು,
ಹೊಸದು ಬಂತು, ಬೆಣ್ಣೆ ಸವರಿದಷ್ಟು ನುಣ್ಣಗೆ.

ಅವತ್ತಿನಿಂದ ಅಕಾರ್ಡಿಯನ್ನಿನ ಎಡಗೈ ಕಾಣೆ.
ಟ್ಯಾಂಗೊ ಹಾಡುವವಳು ಗೋಡೆಯೊಳಗೆಲ್ಲೋ,
ಕಿಟಕಿಯಾಚೆಯೆಲ್ಲೋ, ನಡುಮನೆಯಲ್ಲಿ ಮಾತ್ರ ಇಲ್ಲ.
ತೈಸ್ತೊ ಜಮಖಾನೆ ತೆಗೆದ, ಸೋಫಾ ಸರಿಸಿದ,
ಜನವರಿಯ ಹಿಮವನ್ನು ಬೈದ,
ಕೊನೆಗೆ ಕಿವಿ ಡಾಕ್ಟರ ಹತ್ತಿರವೂ ಹೋಗಿಬಂದ.
"ಇಂಪಾಗೇ ಇದೆಯಲ್ಲ" ಅಂದಳು ಔಲಿಕ್ಕಿ.
ಅವನಿಗೆ ಹೆಚ್ಚು ಚುಚ್ಚಿದ್ದು ಅದು.

ಕಪಾಟಿನ ಹಿಂದೆ ತೂರುವಷ್ಟು ಸಣ್ಣವಳು ನಾನೊಬ್ಬಳೇ.
ಟಾರ್ಚು ಬಾಯಲ್ಲಿ ಕಚ್ಚಿ ನುಸುಳಿದೆ.
ಧೂಳು, ಒಂದು ಅಂಗಿ ಗುಂಡಿ, ಸತ್ತ ನೊಣ.
ಎಡದ ಪೆಟ್ಟಿಗೆಯಲ್ಲಿ ಕೆಂಪಿಗೆ ಕೆಂಪು.
ಬಲದಲ್ಲಿ ಕೆಂಪಿನ ಬಾಯಿಗೆ ಕಪ್ಪು.
ಒಂದು ಹೂಂ ಅಂದಾಗೆಲ್ಲ ಇನ್ನೊಂದು ಉಹೂಂ;
ಇದು ಮುಂದೆ ನೂಕಿದ ಗಾಳಿಯನ್ನು ಅದು ಹಿಂದಕ್ಕೆಳೆದು
ತಗ್ಗಿನ ಸ್ವರವೆಲ್ಲ ಕೂಡಿ ಕಳೆದು ಸೊನ್ನೆ.

"ಮಾವ, ಈ ಕೆಂಪು ತಂತಿ..." ಅಂದೆ.
"ಯಾವುದು?" ಅಂದ.
ಆ ಯಾವುದು ತೀರ ಮೆಲ್ಲಗಿತ್ತು,
ಅಡುಗೆಮನೆಗೆ ಕೇಳಬಾರದಷ್ಟು.

ಆಗ ಹೊಳೆಯಿತು. ಹಳೆಯ ವೈರಿನ ಒಂದು ಮಗ್ಗುಲಿಗೆ
ಉದ್ದಕ್ಕೂ ಏಣೊಂದಿತ್ತು, ಉಗುರಿಗೆ ಸಿಗುವಂಥದು.
ಗಿರಣಿಯಲ್ಲಿ ಹೇಗೆ ನಿಭಾಯಿಸಿದನೋ,
ಅಷ್ಟು ವರ್ಷ ಯಾರ ಕಣ್ಣು ಸಾಲ ತಂದನೋ
ನಾನು ಕೇಳಲಿಲ್ಲ.

ಕೈಗವಸಿನ ಉಣ್ಣೆಯೆಳೆ ಹರಿದು
ಕೆಂಪಿನ ಎರಡೂ ತುದಿಗೆ ಗಂಟು ಹಾಕಿದೆ.
ಅವನ ಹೆಬ್ಬೆರಳು ಹಿಡಿದು ಗಂಟಿನ ಮೇಲಿಟ್ಟೆ.
ಉಳಿದದ್ದು ಅವನೇ ಮಾಡಿಕೊಂಡ, ಕಣ್ಣು ಮುಚ್ಚಿ.

ಸೂಜಿ ಇಳಿಯಿತು. ಮೊದಲು ಬಂದದ್ದು ಎಡಗೈ,
ನೆಲದ ಹಲಗೆ ಹಿಡಿದು, ನಮ್ಮ ಅಂಗಾಲಿಗೆ.
ಆಮೇಲೆ ಅವಳು, ನಟ್ಟನಡುವೆ,
ಯಾವ ಪೆಟ್ಟಿಗೆಯೂ ಇಲ್ಲದ ಜಾಗದಲ್ಲಿ ನಿಂತು.

ಔಲಿಕ್ಕಿ ಸೌಟು ಹಿಡಿದೇ ಬಾಗಿಲಿಗೆ ಬಂದಳು.
"ನೋಡಿದೆಯಾ" ಅಂದ ತೈಸ್ತೊ, "ದುಬಾರಿ ತಂತಿ.
ಪಳಗೋದಕ್ಕೆ ಒಂದು ತಿಂಗಳು ಬೇಕು, ಅಷ್ಟೆ."

ಕೆಳಗೆ ಅಪ್ಪ ಕೇಳಿದ, ಏನಾಗಿತ್ತಂತೆ?
ಪಳಗಿರಲಿಲ್ಲ, ಅಂದೆ.